ಗಾಳಿಮಳೆಗೆ ಮುಂಚೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಕಳೆದ ಸಲ ಭರಣಿ ಮಳೆ ಹೊತ್ತಿಗೆ ನಮ್ಮನೆಯಲ್ಲಿ ಮದುವೆ ಮನೆಯಷ್ಟು ಗಡಿಬಿಡಿ. ಮಾವನವರು ಹಿತ್ತಲಿನ ಅಡುಗೆ ಮನೆಯ ಸಿಮೆಂಟ್ ಶೀಟಿನ ಮೇಲೆ ಸೈಜುಗಲ್ಲು, ಹಳೇ ರುಬ್ಬೋ ಗುಂಡು ಎಲ್ಲ ಹೇರಿಸಿದರು. ಅತ್ತೆಯವರು ಕೊಳಗ, ಚೊಂಬು, ಕೊನೆಗೆ ಇಡ್ಲಿ ಪಾತ್ರೆಗೂ ನೀರು ತುಂಬಿಸಿದರು. ಅಷ್ಟು ನೀರೂ ಮಹಡಿ ಮೇಲಿನ ಟ್ಯಾಂಕಿನದೇ. ಗಾಳಿಗೆ ಖಾಲಿ ಟ್ಯಾಂಕು ಹಾರಿ ಪಕ್ಕದ ಮನೆಯ ಸೀಬೆ ಗಿಡದ ಮೇಲೆ ಕೂತಿತು. ರುಬ್ಬೋ ಗುಂಡು ಶೀಟು ಒಡೆದು ಒಲೆ ಪಕ್ಕಕ್ಕೆ ಬಿತ್ತು. ಮಳೆ ಮಾತ್ರ ನಾಲ್ಕು ಹನಿ! ಮಕ್ಕಳು ಈಗಲೂ ಹೇಳಿಕೊಂಡು ನಗುತ್ತಾರೆ. ಈ ಸಲ ಏನು ಮಾಡಬೇಕು?
– ಗೃಹಿಣಿ, ಮುಳಬಾಗಿಲು ತಾಲ್ಲೂಕು

ಉತ್ತರ: ಒಲೆ ಹತ್ತಿರ ಯಾರೂ ಇರಲಿಲ್ಲವಲ್ಲ, ಅದೇ ದೊಡ್ಡದು. ನೀರು ಹಿಡಿದಿಟ್ಟದ್ದು ತಪ್ಪಲ್ಲ. ಕರೆಂಟು ಹೋದರೆ ಮೋಟಾರು ಓಡುವುದಿಲ್ಲ. ಆದರೆ ಪಾತ್ರೆ ತುಂಬಿಸಿದ ಮೇಲೆ ಇನ್ನೊಂದು ಸಲ ಮೋಟಾರು ಹಾಕಿ ಟ್ಯಾಂಕನ್ನೂ ತುಂಬಿಸಿ. 500 ಲೀಟರಿನ ಟ್ಯಾಂಕು ತುಂಬಿದ್ದರೆ ಅರ್ಧ ಟನ್ ಭಾರ, ಖಾಲಿಯಾದರೆ ಒಬ್ಬರೇ ಎತ್ತಬಹುದು. ನಮ್ಮ ಕಡೆ ಬೇಸಿಗೆಯ ಗುಡುಗು ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಏಳುವುದರಿಂದ ಈ ಕೆಲಸ ಬೆಳಿಗ್ಗೆಯೇ ಮುಗಿಯಲಿ. ಟ್ಯಾಂಕಿನ ಮುಚ್ಚಳವನ್ನು ಕಟ್ಟಲು ಮರೆಯಬೇಡಿ.

ಶೀಟಿನ ಮೇಲಿನ ಕಲ್ಲನ್ನು ಇವತ್ತೇ ಇಳಿಸಿ. ಗಾಳಿ ಶೀಟಿನ ಮೇಲೆ ರಭಸವಾಗಿ ಹಾಯುವಾಗ ಅದನ್ನು ಮೇಲಕ್ಕೆ ಎಳೆಯುತ್ತದೆ. ತೆರೆದ ಬಾಗಿಲಿನಿಂದ ಒಳನುಗ್ಗಿದ ಗಾಳಿ ಕೆಳಗಿನಿಂದ ಒತ್ತುತ್ತದೆ. ಶೀಟು ಒಂದು ಸಲ ಅದುರಿದರೆ ಕಲ್ಲು ಜಾರುತ್ತದೆ, ಆಮೇಲೆ ಅದೇ ಅಪಾಯ. ಶೀಟನ್ನು ಹಿಡಿಯಬೇಕಾದ್ದು ಜೆ ಬೋಲ್ಟು, ಅಂದರೆ ಕೆಳಗಿನ ಅಡ್ಡ ಪೈಪಿಗೆ ಸಿಕ್ಕಿಸುವ ಕೊಕ್ಕೆಯಂಥ ಬೋಲ್ಟು.

ಅಂಚಿನ ಸಾಲಿನಿಂದ ಪರೀಕ್ಷೆ ಶುರುವಾಗಲಿ, ಗಾಳಿ ಮೊದಲು ಎಬ್ಬಿಸುವುದು ಅಂಚನ್ನೇ. 8 ಮಿ.ಮೀ. ಬೋಲ್ಟು ಸಾಕು, ಪ್ರತಿ ಶೀಟಿಗೆ ಪ್ರತಿ ಅಡ್ಡ ಪೈಪಿನ ಮೇಲೆ ಎರಡು ಬೇಕು. ತೂತು ಯಾವಾಗಲೂ ಶೀಟಿನ ಉಬ್ಬಿನ ಮೇಲೆ. ತಗ್ಗಿನಲ್ಲಿ ಹಾಕಿದರೆ ಹರಿಯುವ ನೀರೆಲ್ಲ ಅಲ್ಲಿಂದಲೇ ಸೋರುತ್ತದೆ. ಮೊಳೆ ಹೊಡೆದು ತೂತು ಮಾಡಿದರೆ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ, ಆದ್ದರಿಂದ 10 ಮಿ.ಮೀ. ಬಿಟ್ ಹಾಕಿ ಡ್ರಿಲ್ ಮಾಡಿಸಿ. ಶೀಟಿಗೆ ತಾಗುವಂತೆ ಡಾಂಬರು ವಾಷರು, ಅದರ ಮೇಲೆ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ವಾಷರು, ಆಮೇಲೆ ನಟ್ಟು. ಡಾಂಬರು ವಾಷರು ಒತ್ತಿಕೊಂಡು ಕೂತ ಕೂಡಲೇ ಸ್ಪ್ಯಾನರ್ ನಿಲ್ಲಿಸಿ. ಇನ್ನೂ ಗಟ್ಟಿಯಾಗಲಿ ಎಂದು ತಿರುವಿದರೆ ಮೇ ಬಿಸಿಲಿಗೆ ಶೀಟು ಹಿಗ್ಗುವಾಗ ಆ ತೂತಿನಿಂದಲೇ ಸೀಳುತ್ತದೆ. ಶೀಟಿನ ಮೇಲೆ ನೇರವಾಗಿ ಕಾಲಿಡಬಾರದು. ಎರಡು ಪೈಪಿಗೆ ಆಧಾರವಾಗುವಂತೆ ಹಲಗೆ ಹಾಸಿ ಅದರ ಮೇಲೆ ನಡೆಯಬೇಕು. ಗೋಡೆಯಾಚೆ ಶೀಟು ಒಂದಡಿಗಿಂತ ಹೆಚ್ಚು ಚಾಚಿದ್ದರೆ ಕತ್ತರಿಸಿಬಿಡಿ.

ಗಾಳಿ ಎದ್ದಾಗ ಅದು ಬರುವ ದಿಕ್ಕಿನ ಬಾಗಿಲು, ಕಿಟಕಿ ಮುಚ್ಚಿ ಚಿಲಕ ಹಾಕಿ.

ಪ್ರಶ್ನೆ: ಸಿಡಿಲು ಹೊಡೆಯುವಾಗ ನಮ್ಮಜ್ಜಿ ಅಂಗಳಕ್ಕೆ ಹಾರೆ ಎಸೆದು, ‘ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ’ ಅನ್ನುತ್ತಾರೆ. ಇದರಿಂದ ಉಪಯೋಗ ಇದೆಯೇ? ಹಸುಗಳನ್ನು ಮಾವಿನ ಮರದ ಕೆಳಗೆ ಕಟ್ಟಬಹುದೇ?
– ಓದುಗರು, ಶ್ರೀನಿವಾಸಪುರ

ಉತ್ತರ: ಅರ್ಜುನನ ಹತ್ತು ಹೆಸರನ್ನೂ ಅಜ್ಜಿ ಒಳಗೆ ಕೂತು ಹೇಳಲಿ, ಮನಸ್ಸಿಗೆ ಧೈರ್ಯ. ಹಾರೆ ಬೇಡ, ಯಾಕೆಂದರೆ ಅದನ್ನು ಎಸೆಯಲು ಬಯಲಿಗೆ ಬರುವುದೇ ಅಪಾಯ. ಮಿಂಚು ಕಂಡ ಮೇಲೆ ಎಣಿಸಿ: ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. 30 ಎಣಿಸುವುದರೊಳಗೆ ಗುಡುಗು ಕೇಳಿಸಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ. ಎಲ್ಲರೂ ಒಳಗೆ ಬನ್ನಿ, ಕೊನೆಯ ಗುಡುಗಿನ ನಂತರ 30 ನಿಮಿಷ ಒಳಗೇ ಇರಿ. ಮೊಬೈಲಿನಲ್ಲಿ ‘ದಾಮಿನಿ’ ಆ್ಯಪ್ ಇದ್ದರೆ ಹತ್ತಿರದ ಸಿಡಿಲಿನ ಮುನ್ಸೂಚನೆ ಸಿಗುತ್ತದೆ.

ಹಸುಗಳನ್ನು ಮರದ ಕೆಳಗೆ ಖಂಡಿತ ಕಟ್ಟಬೇಡಿ. ಮರಕ್ಕೆ ಬಡಿದ ಸಿಡಿಲು ಬುಡದಿಂದ ನೆಲದಲ್ಲಿ ಹರಡುತ್ತದೆ. ಹಸುವಿನ ಮುಂಗಾಲು, ಹಿಂಗಾಲುಗಳ ನಡುವೆ ನಾಲ್ಕೈದು ಅಡಿ ಅಂತರ ಇರುವುದರಿಂದ ಕರೆಂಟು ಒಂದು ಕಾಲಿನಿಂದ ಏರಿ, ಎದೆ ಹಾದು, ಇನ್ನೊಂದರಿಂದ ಇಳಿಯುತ್ತದೆ. ಒಂದೇ ಮರದಡಿ ಮೂರು ನಾಲ್ಕು ಹಸು ಒಟ್ಟಿಗೆ ಸಾಯುವುದು ಹೀಗೆ. ಕೊಟ್ಟಿಗೆಗೆ ಹೊಡೆಯಿರಿ, ತಂತಿ ಬೇಲಿಯಿಂದ ದೂರ ಕಟ್ಟಿ.

ಪ್ರಶ್ನೆ: 30x40 ಸೈಟಿನ ಮನೆ. ಜೋರು ಮಳೆಗೆ ತಾರಸಿಯಲ್ಲಿ ನೀರು ನಿಲ್ಲುತ್ತದೆ. ಅಪಾಯವೇ?
– ಓದುಗರು, ಮಾಲೂರು

ಉತ್ತರ: ಹೌದು. 1,200 ಚದರಡಿ ತಾರಸಿಯ ಮೇಲೆ ಒಂದು ಇಂಚು ಮಳೆ ಎಂದರೆ ಸುಮಾರು 2,800 ಲೀಟರ್. ನಾಲ್ಕು ಇಂಚು ನಿಂತರೆ 11 ಟನ್ ಮೀರಿದ ಭಾರ. ಹೆಚ್ಚಿನ ಕಡೆ ಕಾರಣ ಒಂದೇ, ಪೈಪಿನ ಬಾಯಲ್ಲಿ ಹೊಂಗೆ ಎಲೆ ಮತ್ತು ಪ್ಲಾಸ್ಟಿಕ್ ಕವರು. 4 ಇಂಚಿನ ಪೈಪು ಎರಡಾದರೂ ಇರಲಿ, ಬಾಯಿಗೆ ಗುಮ್ಮಟದಂತೆ ಉಬ್ಬಿದ ಜಾಲರಿ ಹಾಕಿ. ಚಪ್ಪಟೆ ಜಾಲರಿಯನ್ನು ಒಂದೇ ಎಲೆ ಮುಚ್ಚಿಬಿಡುತ್ತದೆ.

ಪ್ರಶ್ನೆ: 150 ಎ.ಎಚ್. ಬ್ಯಾಟರಿಯ ಯುಪಿಎಸ್ ಎಷ್ಟು ಹೊತ್ತು ಬರುತ್ತದೆ?
– ಓದುಗರು, ಕೋಲಾರ

ಉತ್ತರ: ಬ್ಯಾಟರಿ ಚೆನ್ನಾಗಿದ್ದರೆ 9 ವಾಟಿನ ನಾಲ್ಕು ಬಲ್ಬು, 70 ವಾಟಿನ ಎರಡು ಫ್ಯಾನು ಸುಮಾರು ಆರು ಗಂಟೆ ಓಡುತ್ತವೆ, ಫ್ಯಾನು ನಿಲ್ಲಿಸಿದರೆ ಬೆಳಕಿಗೆ ರಾತ್ರಿಯಿಡೀ ಸಾಕು. ಗುಡುಗು ಶುರುವಾಗುವ ಮೊದಲೇ ಟಿ.ವಿ., ಫ್ರಿಜ್ ಪ್ಲಗ್ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಬೀದಿಯಲ್ಲಿ ತಂತಿ ಬಿದ್ದಿದ್ದರೆ ಹತ್ತಿರ ಹೋಗದೆ, ಯಾರನ್ನೂ ಬಿಡದೆ ಬೆಸ್ಕಾಂ 1912ಕ್ಕೆ ಫೋನ್ ಮಾಡಿ.