ಓದುಗರ ಪ್ರಶ್ನೆ: ಸ್ವಿಂಗ್ ಹಾಡು, ಕುಣಿಯುವವರ ಕಾಲು, ಡಿಜೆಯ ಕೈ

ಪ್ರಶ್ನೆ: ಸ್ವಿಂಗ್ ಜಾಝ್‌ಗೆ ಜೋಡಿಯಾಗಿ ಕುಣಿಯುವ ಲಿಂಡಿ ಹಾಪ್ ಕೂಟದಲ್ಲಿ ಬೆನ್ನಿ ಗುಡ್‌ಮನ್ ಬ್ಯಾಂಡಿನ 'ಸಿಂಗ್, ಸಿಂಗ್, ಸಿಂಗ್' ಹಾಕಿದೆ. ಶುರುವಿನಲ್ಲಿ ಭಾರಿ ಹುರುಪು, ಅರ್ಧಕ್ಕೆ ಬರುವಷ್ಟರಲ್ಲಿ ಎಲ್ಲರೂ ಕುರ್ಚಿ ಹಿಡಿದರು. ತಪ್ಪೆಲ್ಲಿ?

ಉದ್ದದಲ್ಲಿ. 1937ರ ಆ ರೆಕಾರ್ಡಿಂಗ್ 12 ಇಂಚಿನ ಗ್ರಾಮಫೋನ್ ತಟ್ಟೆಯ ಎರಡೂ ಬದಿ ತುಂಬಿಕೊಂಡಿದೆ, 8 ನಿಮಿಷಕ್ಕೂ ಮಿಕ್ಕಿ. ವೇಗವೂ ನಿಮಿಷಕ್ಕೆ 200 ಬೀಟ್ ದಾಟುತ್ತದೆ. ಆ ಕಾಲದ 10 ಇಂಚಿನ ತಟ್ಟೆಯಲ್ಲಿ ಒಂದು ಬದಿಗೆ ಹಿಡಿಸುತ್ತಿದ್ದುದು ಸುಮಾರು 3 ನಿಮಿಷ; ಜೋಡಿಯ ದಮ್ಮಿಗೂ ಅಷ್ಟೇ ಹದ. ಈ ಹಾಡನ್ನು ಹಾಕಲೇಬೇಕೆಂದರೆ ಎಲ್ಲರೂ ವೃತ್ತವಾಗಿ ನಿಂತು, ಒಂದೊಂದೇ ಜೋಡಿ ನಡುವೆ ಬಂದು ಕುಣಿಯುವ ಜಾಮ್‌ಗೆ ಇಟ್ಟುಕೊಳ್ಳಿ. ಆಗ ಜೀನ್ ಕ್ರುಪಾನ ಡ್ರಮ್ಮಿಗೂ ನ್ಯಾಯ ಸಿಗುತ್ತದೆ.

ಉಳಿದ ಹೊತ್ತಿಗೆ ವೇಗ ನೋಡಿ ಆರಿಸಿ. ಹೊಸಬರು ಹೆಚ್ಚಿದ್ದರೆ 120ರಿಂದ 150, ಪಳಗಿದವರಿಗೆ 150ರಿಂದ 190. ಕೌಂಟ್ ಬೇಸಿಯ 'ಜಂಪಿನ್ ಅಟ್ ದ ವುಡ್‌ಸೈಡ್' (1938) ತರಹದ 200 ಮೀರಿದ್ದು ಗಂಟೆಗೆ ಒಂದೋ ಎರಡೋ ಸಾಕು. ಅದರ ಬೆನ್ನಿಗೇ ಇನ್ನೊಂದು ಚುರುಕಿನದು ಬೇಡ. ಅದೇ ಬೇಸಿಯ 'ಶೈನಿ ಸ್ಟಾಕಿಂಗ್ಸ್'ನಂತಹ ಸಾವಧಾನದ ಹಾಡು ಬರಲಿ. ವೇಗವನ್ನು ನೀವೇ ಅಳೆಯಿರಿ: 15 ಸೆಕೆಂಡಿನಲ್ಲಿ ಎಷ್ಟು ಬೀಟ್ ಬಿತ್ತೋ ಅದರ ನಾಲ್ಕು ಪಟ್ಟು. ಸಾಫ್ಟ್‌ವೇರ್ ಎರಡು ಬೀಟಿಗೆ ಒಂದು ಎಣಿಸಿ 220ನ್ನು 110 ಎಂದು ತೋರಿಸುವುದುಂಟು. ಅದನ್ನು ನಂಬಿ ಹೊಸಬರ ಮೇಲೆ ಬಿಟ್ಟಿರೋ, ಮುಗಿಯಿತು.

ಪ್ರಶ್ನೆ: ಒಂದೇ ಹೆಸರಿನ ಹಾಡು ಹಲವು ಬ್ಯಾಂಡ್‌ಗಳದ್ದು ಸಿಗುತ್ತದೆ. ಯಾವುದಾದರೂ ನಡೆಯುತ್ತದೆಯೇ?

ಇಲ್ಲ. 'ಟಕ್ಸಿಡೊ ಜಂಕ್ಷನ್' ಮೊದಲು ಎರ್ಸ್ಕಿನ್ ಹಾಕಿನ್ಸ್ ಬ್ಯಾಂಡಿನದು (1939). ಮರುವರ್ಷದ ಗ್ಲೆನ್ ಮಿಲ್ಲರ್ ಆವೃತ್ತಿಯ ನಡೆ ಅದಕ್ಕಿಂತ ನಿಧಾನ. ಪಟ್ಟಿಯಲ್ಲಿ ಹಾಡಿನ ಜೊತೆ ಬ್ಯಾಂಡ್, ವರ್ಷ, ಉದ್ದ, ವೇಗ ನಾಲ್ಕನ್ನೂ ಬರೆದಿಡಿ. ಪ್ರತಿ ಹಾಡನ್ನೂ ಕೊನೆಯವರೆಗೆ ಕೇಳಿ. ಮಿಲ್ಲರ್‌ನ 'ಇನ್ ದ ಮೂಡ್' (1939) ಕಡೆಯಲ್ಲಿ ಮೆತ್ತಗಾಗುತ್ತಾ ಹೋಗಿ, ಇನ್ನೇನು ಮುಗಿಯಿತು ಎನ್ನುವಾಗ ಮತ್ತೆ ಭೋರ್ಗರೆಯುತ್ತದೆ. ಅಲ್ಲಿ ಅವಸರಪಟ್ಟು ಮುಂದಿನ ಹಾಡು ಬಿಟ್ಟರೆ ನೆಲದ ಮೇಲಿರುವವರೆಲ್ಲ ನಿಮ್ಮತ್ತಲೇ ತಿರುಗುತ್ತಾರೆ.

ಎರಡು ಹಾಡಿನ ಬೀಟ್ ಕೂಡಿಸಿ ಬೆಸೆಯುವ ಆಸೆಯನ್ನೂ ಬಿಡಿ. ನುಡಿಸಿದವರು ಮನುಷ್ಯರು, ಲಯ ಕೊಂಚ ಹಿಂದುಮುಂದಾಗುತ್ತದೆ. ನಡುವೆ ಎರಡು ಮೂರು ಸೆಕೆಂಡು ಮೌನವಿರಲಿ. ಜೋಡಿ ಬದಲಾಯಿಸಲೂ ಅದು ಬೇಕು.

ಪ್ರಶ್ನೆ: ಆರು ಎಣಿಕೆಯ ಹೆಜ್ಜೆ ಹಾಕುವಾಗ ಹಾಡಿನ ಸಾಲು ಮುಗಿಯುವ ಜಾಗ ತಪ್ಪುತ್ತದೆ. ಏಕೆ?

ಲೆಕ್ಕ ಹೊಂದದೆ. ಬೇಸಿಯ 'ಒನ್ ಓ ಕ್ಲಾಕ್ ಜಂಪ್' 12 ಬಾರ್‌ನ ಬ್ಲೂಸ್. ಬಾರ್ ಎಂದರೆ ತಾಳದ ಒಂದು ಸುತ್ತು; ಒಂದು ಬಾರ್‌ಗೆ 4 ಬೀಟ್, ಒಟ್ಟು 48. ಆರರ ಹೆಜ್ಜೆ ಎಂಟು ಸಲ, ಎಂಟರದಾದರೆ ಆರು ಸಲ, ಎರಡೂ ಸರಿಯಾಗಿ ಕೂರುತ್ತವೆ. ಎಲಿಂಗ್ಟನ್ ಬ್ಯಾಂಡಿನ 'ಟೇಕ್ ದಿ ಎ ಟ್ರೇನ್' ಹಾಗಲ್ಲ. ಅದು 32 ಬಾರ್, 8 ಬಾರ್‌ನ ನಾಲ್ಕು ತುಂಡು. ಒಂದು ತುಂಡಿಗೆ 32 ಬೀಟ್; ಆರರಲ್ಲಿ ಭಾಗಿಸಿದರೆ ಎರಡು ಉಳಿಯುತ್ತದೆ. ಆರರ ಹೆಜ್ಜೆ ನಾಲ್ಕು ಸಲ ಹಾಕಿ, ಕೊನೆಗೊಂದು ಎಂಟರ ಸ್ವಿಂಗ್‌ಔಟ್ (ಜೋಡಿ ಹತ್ತಿರ ಬಂದು ಮತ್ತೆ ದೂರ ಸರಿಯುವ ಲಿಂಡಿ ಹೆಜ್ಜೆ) ಸೇರಿಸಿ: 24 ಮತ್ತು 8. ಮುಂದಿನ ತುಂಡಿನ ಒಂದನೇ ಬೀಟಿಗೆ ಇಬ್ಬರೂ ಹೊಸ ಹೆಜ್ಜೆಗೆ ಸಿದ್ಧ.

ಪ್ರಶ್ನೆ: 1930ರ ದಶಕದ ರೆಕಾರ್ಡಿಂಗ್ ಸಭಾಂಗಣದಲ್ಲಿ ಕಿವಿಗೆ ಚುಚ್ಚುತ್ತದೆ.

ಟ್ರೆಬಲ್ (ಏರು ಸ್ವರಗಳ ಮಟ್ಟ) ಸ್ವಲ್ಪ ಇಳಿಸಿ, ಪೂರ್ತಿ ಬೇಡ. ಡ್ರಮ್ ಸೆಟ್ಟಿನ ಜೋಡಿ ತಾಳವಾದ ಹೈ ಹ್ಯಾಟ್ ಕೇಳದಿದ್ದರೆ ಕುಣಿಯುವವರಿಗೆ ಲಯ ಸಿಗದು. ಬೇಸ್ (ತಗ್ಗು ಸ್ವರಗಳ ಮಟ್ಟ) ಹೆಚ್ಚಿಸಿದರೆ ಡಬಲ್ ಬೇಸ್ ವಾದ್ಯಕ್ಕಿಂತ ಹೆಚ್ಚಾಗಿ ತಟ್ಟೆಯ ಗುಡುಗುಡು ಸದ್ದೇ ಏಳುತ್ತದೆ. ಹೊಸ ಸ್ಟೀರಿಯೊ ರೆಕಾರ್ಡಿಂಗ್ ಆದಮೇಲೆ ಹಳೆಯದು ಬರುವಾಗ ಗೇನ್ (ಸದ್ದಿನ ಮಟ್ಟ) ಏರಿಸಲು ಮರೆಯಬೇಡಿ.