‘ಬ್ಯಾಗ್’ ಒಳಗೆ ‘ವೈ’ ಎಲ್ಲಿಂದ ಬಂತು?

ಪ್ರಶ್ನೆ: ಮಗಳಿಗೆ ಐದೂವರೆ ವರ್ಷ, ಯುಕೆಜಿ. ಎಬಿಸಿಡಿ ಪೂರ್ತಿ ಬರುತ್ತೆ. ಆದರೆ ನೋಡದೆ ಬರೆ ಅಂದರೆ ಬ್ಯಾಗಿಗೆ ಬಿ-ವೈ-ಎ-ಜಿ, ಬಸ್ಸಿಗೆ ಬಿ-ಎ-ಎಸ್-ಯು ಅಂತ ಬರೀತಾಳೆ. ಶಾಲೆಯಲ್ಲಿ ಪ್ರತಿ ತಪ್ಪನ್ನೂ ಹತ್ತು ಸಲ ಬರೆಸಿ ಅಂತಾರೆ. ಬರೆಸಿದರೂ ಮಾರನೇ ದಿನ ಅದೇ ಕಥೆ. ಮನೆಯಲ್ಲಿ ಇಂಗ್ಲಿಷ್ ಮಾತಾಡುವವರಿಲ್ಲ. ಏನು ಮಾಡಲಿ?
— ಒಬ್ಬ ತಾಯಿ, ಸಕಲೇಶಪುರ, ಹಾಸನ ಜಿಲ್ಲೆ

ಉತ್ತರ: ಮೊದಲು ಆ ಹತ್ತು ಸಲದ ಬರಹ ನಿಲ್ಲಿಸಿ. ಅವಳು ಬರೆಯುವಾಗ ಪಕ್ಕದಲ್ಲಿ ಕೂತು ನೋಡಿದರೆ ಗೊತ್ತಾಗುತ್ತದೆ: ಹತ್ತು ‘ಬಿ’ಗಳನ್ನು ಮೇಲಿಂದ ಕೆಳಕ್ಕೆ ಇಳಿಸುತ್ತಾಳೆ, ಆಮೇಲೆ ಹತ್ತು ‘ಎ’, ಕೊನೆಗೆ ಹತ್ತು ‘ಜಿ’. ಪುಟ ತುಂಬುತ್ತದೆ; ‘ಬ್ಯಾಗ್’ ಅನ್ನುವ ಪದ ಒಂದು ಸಲವೂ ಬಾಯಿಗೆ ಬಂದಿರುವುದಿಲ್ಲ.

ಅವಳು ಮನಸ್ಸಿಗೆ ಬಂದದ್ದು ಗೀಚುತ್ತಿಲ್ಲ. ಕೇಳಿದ್ದನ್ನೇ ಬರೆಯುತ್ತಿದ್ದಾಳೆ, ಲೆಕ್ಕ ಮಾತ್ರ ಕನ್ನಡದ್ದು. ಬ್ಯಾಗಿನ ಸ್ವರ ‘ಎ’ಕಾರಕ್ಕೂ ‘ಆ’ಕಾರಕ್ಕೂ ನಡುವಿನದು. ಅದಕ್ಕೆ ನಮ್ಮಲ್ಲಿ ಬೇರೆ ಅಕ್ಷರವಿಲ್ಲ. ‘ಬ’ಗೆ ಯ-ಒತ್ತು ಕೊಟ್ಟು, ದೀರ್ಘ ಎಳೆದು ಸುಧಾರಿಸಿಕೊಂಡಿದ್ದೇವೆ. ಹೇಳುವಾಗಲೂ ಒಂದು ‘ಯ’ ನುಸುಳುತ್ತದೆ. ಅದಕ್ಕೆ ಅವಳು ‘ವೈ’ ಹಾಕಿದ್ದಾಳೆ.

ಬಸ್ಸಿನಲ್ಲಿ ಎರಡು ತಪ್ಪು ಬೆರೆತಿವೆ. ಕೊನೆಯ ‘ಯು’ ನಮ್ಮ ‘ಬಸ್ಸು’ ಪದದ್ದು. ಕಾರು, ಪೆನ್ನು, ಬಸ್ಸು ಅಂತ ಬಂದ ಪದಕ್ಕೆಲ್ಲ ನಾವು ಉಕಾರ ಹಚ್ಚಿಬಿಡುತ್ತೇವೆ. ನಡುವಿನ ‘ಎ’ ಹೆಸರುಗಳಿಂದ ಬಂದದ್ದು: ಕಮಲ, ಹಾಸನ ಅಂತ ಇಂಗ್ಲಿಷಿನಲ್ಲಿ ಬರೆದಾಗ ‘ಎ’ ಅಂದರೆ ಅ ಅಥವಾ ಆ. 2014ರಲ್ಲಿ ಚಿಕ್ಕಮಗಳೂರಿನ ಇಂಗ್ಲಿಷ್ ಸ್ಪೆಲಿಂಗ್ ಬದಲಾದಾಗ ಕೊನೆಗೊಂದು ‘ಯು’ ಸೇರಿದ್ದೂ ಇದೇ ಲೆಕ್ಕದಲ್ಲಿ. ಊರಿನ ಬೋರ್ಡಿನಲ್ಲಿ ಸರಿಯಾದದ್ದು ತನ್ನ ನೋಟ್‌ಬುಕ್ಕಿನಲ್ಲಿ ಯಾಕೆ ತಪ್ಪು ಅಂತ ಆ ಮಗುವಿಗೆ ಯಾರು ಹೇಳಿದ್ದಾರೆ?

ಇಂಗ್ಲಿಷಿನ ಸುಮಾರು 44 ಧ್ವನಿಗಳನ್ನು 26 ಅಕ್ಷರಗಳು ಹೊರಬೇಕು. ಅಕ್ಷರದ ಹೆಸರು ಬೇರೆ, ಅದರ ಧ್ವನಿ ಬೇರೆ. ಎಬಿಸಿಡಿ ಒಪ್ಪಿಸುವುದರಿಂದ ಧ್ವನಿ ಬರುವುದಿಲ್ಲ. ಹೆಚ್ಚಿನ ಮನೆಗಳಲ್ಲಿ ಎಡವುವುದು ಇಲ್ಲಿ: ಧ್ವನಿ ಹೇಳಿಕೊಡುವಾಗ ಬಾಯಿಗೆ ‘ಬ’ ಬರುತ್ತದೆ, ಬೇಕಾದದ್ದು ‘ಬ್’. ‘ಬ, ಆ್ಯ, ಗ’ ಅಂತ ಹೇಳಿಕೊಟ್ಟರೆ ಮಗು ಕೂಡಿಸಿ ‘ಬಯಾಗ’ ಅನ್ನುತ್ತದೆ. ಸ್, ಮ್, ನ್, ಫ್ ಇವನ್ನು ಎಳೆಯಬಹುದು, ವಿಷಲ್ ಬರುವ ಮುಂಚೆ ಕುಕ್ಕರ್ ‘ಸ್ಸ್ಸ್’ ಅನ್ನುವ ಹಾಗೆ. ಬ್, ಟ್, ಕ್ ಎಳೆಯಲು ಬರುವುದಿಲ್ಲ, ಗಿಡ್ಡಕ್ಕೆ ಕತ್ತರಿಸಿ. ಹಾಗಾಗಿ ‘ಬ್ಯಾಗ್’ನಿಂದ ಶುರು ಮಾಡಬೇಡಿ. ಮೊದಲು ಸ್ವರದಿಂದಲೇ ಶುರುವಾಗುವ ‘ಆ್ಯಂಟ್’, ಆಮೇಲೆ ‘ಮ್ಯಾಟ್’, ‘ಸ್ಯಾಟ್’. ಗದ್ದದ ಕೆಳಗೆ ಬೆರಳಿಟ್ಟು ಕನ್ನಡದ ‘ಎ’ (‘ಎಲೆ’ಯ ‘ಎ’) ಅನ್ನಿಸಿ, ನಾಲಿಗೆ ಅಲ್ಲೇ ಇರಲಿ, ಗದ್ದ ಇನ್ನಷ್ಟು ಇಳಿಯಲಿ. ಆಗ ಬರುವುದೇ ‘ಆ್ಯ’.

ಇನ್ನು ದಿನಕ್ಕೆ 10 ನಿಮಿಷ ಹೀಗೆ. ಹಾಳೆಯ ಮೇಲೆ ಚೌಕಾಬಾರದ ಹಾಗೆ ಅಕ್ಕಪಕ್ಕ ಮೂರು ಮನೆ ಬರೆಯಿರಿ, ಕೆಳಗೆ ಮೂರು ಕಾಫಿ ಬೀಜ ಇಡಿ. (ಚಿಕ್ಕ ತಮ್ಮನೋ ತಂಗಿಯೋ ಇದ್ದರೆ ಬೀಜ ಬೇಡ, ಬಾಟಲಿಯ ದೊಡ್ಡ ಮುಚ್ಚಳ ಇಡಿ.) ನೀವು ‘ಮ್ಯಾಟ್’ ಅನ್ನಿ, ಅವಳು ಒಂದೊಂದು ಧ್ವನಿಗೆ ಒಂದೊಂದು ಬೀಜ ಮನೆಯೊಳಗೆ ತಳ್ಳಲಿ: ಮ್, ಆ್ಯ, ಟ್. ‘ಯ’ ಅಂತ ನಾಲ್ಕನೇ ಬೀಜ ಹುಡುಕಿದರೆ ತಪ್ಪು ಅನ್ನಬೇಡಿ, ನಿಧಾನಕ್ಕೆ ಎಳೆದು ಮತ್ತೆ ಹೇಳಿ. ‘ಬಸ್’ಗೂ ಹಾಗೇ: ‘ಸ್’ ಅಂದ ಮೇಲೆ ತುಟಿ ಮುಂದಕ್ಕೆ ಬಂದರೆ ಉಕಾರ ಸೇರಿತು ಅಂತಲೇ ಅರ್ಥ. ನಾಲ್ಕೈದು ದಿನ ಬರೇ ಬೀಜ. ಕೈ ಸಲೀಸಾದ ಮೇಲೆ ಬೀಜ ತೆಗೆದು, ಮನೆಯೊಳಗೆ ಅಕ್ಷರ ಬರೆಸಿ.

ಎರಡನೇ ವಾರ ಎರಡು ತಟ್ಟೆ ಇಡಿ, ಒಂದಕ್ಕೆ ‘ಎ’ ಚೀಟಿ, ಇನ್ನೊಂದಕ್ಕೆ ‘ಯು’. ಎಂಟು ಚಿತ್ರ: ಕ್ಯಾಪ್, ಬ್ಯಾಗ್, ಫ್ಯಾನ್, ಮ್ಯಾಟ್, ಕಪ್, ಬಸ್, ಸನ್, ನಟ್. ಚಿತ್ರದ ಮೇಲೆ ಸ್ಪೆಲಿಂಗ್ ಇರಬಾರದು. ಅವಳೇ ಹೆಸರು ಹೇಳಿ ತಟ್ಟೆಗೆ ಹಾಕಲಿ. ‘ಕ್ಯಾಪ್’ ಮತ್ತು ‘ಕಪ್’ ಒಟ್ಟೊಟ್ಟಿಗೆ ಕೊಡಿ; ಆ ಜೋಡಿ ಬೇರೆಯಾದರೆ ಮುಕ್ಕಾಲು ಕೆಲಸ ಆದ ಹಾಗೆ.

ಕಲಿತಳೋ ಬಾಯಿಪಾಠ ಮಾಡಿದಳೋ ಅಂತ ನೋಡಲು ಅರ್ಥವಿಲ್ಲದ ಪದ ಕೊಡಿ: ‘ಸ್ಯಾಬ್’, ‘ನಪ್’ ಥರದ್ದು. ಇಂಗ್ಲೆಂಡಿನ ಶಾಲೆಗಳಲ್ಲಿ 2012ರಿಂದ ನಡೆಯುವ ಒಂದನೇ ವರ್ಷದ ಓದಿನ ಪರೀಕ್ಷೆಯಲ್ಲೂ 40 ಪದಗಳಲ್ಲಿ 20 ಇಂಥವೇ.

‘ವಿ’ ಮತ್ತು ‘ಡಬ್ಲ್ಯು’ ಅದಲುಬದಲಾದರೆ ಈಗ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಬಾಯಲ್ಲಿ ಎರಡೂ ‘ವ’. ಅದು ಕಣ್ಣಲ್ಲಿ ನೋಡಿ ನೆನಪಿಡುವ ವಿಷಯ.

ಮೂರು ತಿಂಗಳು ಬಿಡದೆ ಮಾಡಿಯೂ ಪದದ ಮೊದಲ ಧ್ವನಿಯನ್ನೇ ಬಿಡಿಸಿ ಹೇಳಲು ಆಗದಿದ್ದರೆ, ಅದೂ ಕನ್ನಡದ ಪದಗಳಲ್ಲೂ ಆಗದಿದ್ದರೆ, ಇಎನ್‌ಟಿ ಡಾಕ್ಟರ ಹತ್ತಿರ ಕಿವಿ ತೋರಿಸಿ. ಮಳೆಗಾಲ ಪೂರ್ತಿ ನೆಗಡಿ ಇರುವ ಮಕ್ಕಳಲ್ಲಿ ಕಿವಿಯೊಳಗೆ ನೀರು ಕಟ್ಟಿಕೊಂಡು ‘ಸ್’, ‘ಫ್’ ಥರದ ಮೆಲು ಧ್ವನಿ ಕೇಳದೇ ಹೋಗುವುದುಂಟು.