ದೃಷ್ಟಿ ತೆಗೆದಾಗ ಮೆಣಸಿನಕಾಯಿ ಘಾಟು ಬರದಿದ್ದರೆ ಮಗುವಿಗೆ ದೃಷ್ಟಿ ಆಗಿದೆ ಅಂತ ಅರ್ಥವೇ?

ಎಂಟು ತಿಂಗಳ ಮಗು, ಮೂರು ರಾತ್ರಿಯಿಂದ ಅಳು, ಎರಡು ಸಲ ಒಣಮೆಣಸಿನಕಾಯಿ ನಿವಾಳಿಸಿದರೂ ಘಾಟು ಬರಲಿಲ್ಲ, ಇನ್ನು ಮಂಗಳವಾರ ಮಾಡಬೇಕೋ ಅಮಾವಾಸ್ಯೆವರೆಗೆ ಕಾಯಬೇಕೋ, ಗ್ಯಾಸ್ ಮೇಲೆ ಸುಡಬೇಕೋ ಇದ್ದಿಲ ಮೇಲೋ ಅಂತ ಕೇಳಿದ್ದೀರಿ. ಮೊದಲು ನನ್ನ ಪ್ರಶ್ನೆಗಳಿಗೆ ಉತ್ತರ ಹೇಳಿ. ಮಗುವಿನ ಮೈ ಬಿಸಿ ಇದೆಯಾ? ಈಚೆಗೆ ನೆಗಡಿ ಆಗಿತ್ತಾ? ಎತ್ತಿಕೊಂಡರೆ ಸ್ವಲ್ಪ ಸುಮ್ಮನಾಗಿ, ಮಲಗಿಸಿದ ತಕ್ಷಣ ಚೀರುತ್ತದಾ? ಯಾವುದಕ್ಕಾದರೂ ಹೌದು ಅಂತಾದರೆ ಇದನ್ನು ಆಮೇಲೆ ಓದಿ. ಈಗ ಮಕ್ಕಳ ಡಾಕ್ಟರ ಹತ್ತಿರ ಹೋಗಿ ಬನ್ನಿ.

ನಮ್ಮ ಮಗನಿಗೆ ಆಗ ಒಂಬತ್ತು ತಿಂಗಳು. ಬೆಂಗಳೂರಿನಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ಒಂದು ಭಾನುವಾರ ಮನೆಗೆ ಏಳೆಂಟು ಜನ ಬಂದಿದ್ದರು. ಮಗು ಎಲ್ಲರ ತೊಡೆ ಮೇಲೂ ಆಡಿತು. ಮೇಲಿನ ಮನೆ ಆಂಟಿ ಅವನ ಕೆನ್ನೆ ಹಿಂಡಿ, "ಎಷ್ಟು ಗುಂಡುಗುಂಡಗಿದ್ದಾನೆ, ಏನು ತಿನ್ನಿಸ್ತೀಯಮ್ಮ ಇವನಿಗೆ?" ಅಂದರು. ಆ ರಾತ್ರಿಯೇ ಅಳು ಶುರುವಾಯಿತು. ಅದಕ್ಕೂ ನಾಲ್ಕೈದು ದಿನ ಮುಂಚೆಯಿಂದ ಅವನಿಗೆ ಮೂಗು ಸುರಿಯುತ್ತಿತ್ತು. ಅದು ನನಗೆ ನೆನಪಿಗೇ ಬರಲಿಲ್ಲ. ಆಂಟಿಯ ಮಾತೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಬೆಳಗ್ಗೆ ಅವ್ವನಿಗೆ ಫೋನ್ ಮಾಡಿದೆ. ನನ್ನ ತವರು ಹಾವೇರಿ ಜಿಲ್ಲೆಯಲ್ಲಿ, ಬ್ಯಾಡಗಿ ಹತ್ತಿರದ ಹಳ್ಳಿ. "ದಿಷ್ಟಿ ಆಗೇತಿ ಯವ್ವಾ, ಐದು ಮೆಣಸಿನಕಾಯಿ, ಉಪ್ಪು, ಸಾಸಿವಿ ನಿವಾಳಿಸಿ ಒಲಿಗೆ ಹಾಕು. ಘಾಟು ಬರಲಿಲ್ಲಂದ್ರ ದಿಷ್ಟಿ ಖರೇ. ಘಾಟು ಬರೋ ತನಕ ದಿನಾ ತಗಿ" ಅಂದಳು.

ದೀಪ ಹಚ್ಚುವ ಹೊತ್ತಿಗೆ ಮಗುವನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿದೆ. ಅವ್ವ ಕಳಿಸಿದ್ದ ಮೆಣಸಿನಕಾಯಿಯನ್ನೇ ಮುಷ್ಟಿಯಲ್ಲಿ ಹಿಡಿದು, ತಲೆಯಿಂದ ಪಾದದವರೆಗೆ ಮೂರು ಸಲ ಇಳಿಸಿ, ನಾಯಿ ಕಣ್ಣು ನರಿ ಕಣ್ಣು ಎಲ್ಲ ಹೋಗಲಿ ಅಂತ ಹೇಳಿ, ಗ್ಯಾಸ್ ಮೇಲಿನ ಹಳೇ ಕಾವಲಿಗೆ ಹಾಕಿದೆ. ಕಿಟಕಿ ತೆರೆದಿತ್ತು. ಎಕ್ಸಾಸ್ಟ್ ಫ್ಯಾನ್ ಓಡುತ್ತಿತ್ತು. ಮೆಣಸಿನಕಾಯಿ ಕರಿಕಲಾಯಿತು. ಕೆಮ್ಮು ಬರುವಂಥ ಘಾಟು ಮಾತ್ರ ಬರಲಿಲ್ಲ. ನನಗೆ ಎದೆ ಝಲ್ ಅಂತು. ಎರಡನೇ ದಿನವೂ ಹಾಗೇ ಆಯಿತು. ಹಣೆ ಮುಟ್ಟಿದರೆ ಬಿಸಿ. ಅದಕ್ಕೂ ದೃಷ್ಟಿಯ ಹೆಸರೇ ಕೊಟ್ಟೆ. ನಮ್ಮವರು ಡಾಕ್ಟರಿಗೆ ತೋರಿಸೋಣ ಅಂದರು. "ಘಾಟು ಬರಲಿ, ಆಮೇಲೆ ನೋಡೋಣ" ಅಂದವಳು ನಾನೇ.

ಮೂರನೇ ದಿನ ಅವ್ವ, "ಒಂಬತ್ತು ತಗೋ" ಅಂದಳು. ಮನೆಯಲ್ಲಿ ಅಷ್ಟು ಉಳಿದಿರಲಿಲ್ಲ. ಕೆಳಗಿನ ಅಂಗಡಿಯಿಂದ ಗುಂಟೂರು ಮೆಣಸಿನಕಾಯಿ ತಂದೆ. ಹೊರಗೆ ಮಳೆ ಬರುತ್ತಿತ್ತು, ಅದಕ್ಕೆ ಕಿಟಕಿ ಹಾಕಿದ್ದೆ. ಫ್ಯಾನ್ ಹಾಕಲು ಮರೆತೆ. ಒಂದೇ ನಿಮಿಷ. ಮನೆ ತುಂಬ ಘಾಟು. ನಾನು ಕೆಮ್ಮಿದೆ, ನಮ್ಮವರು ಕೆಮ್ಮಿದರು, ಮಗು ಉಸಿರು ಕಟ್ಟುವ ಹಾಗೆ ಕೆಮ್ಮಿತು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ನನಗೆ ಸಂತೋಷ. ಘಾಟು ಬಂತಲ್ಲ, ದೃಷ್ಟಿ ಹೋಯಿತು ಅಂದುಕೊಂಡೆ.

ಆ ರಾತ್ರಿ ಎರಡು ಗಂಟೆ ಹೊತ್ತಿಗೆ ಮಗ ಒಮ್ಮೆ ಜೋರಾಗಿ ಚೀರಿ, ಆಮೇಲೆ ನಿದ್ದೆ ಹೋದ. ಮೂರು ದಿನದ ಮೇಲೆ ಮೊದಲ ಸಲ ಗಾಢ ನಿದ್ದೆ. ನಾನು ದೇವರ ಮುಂದೆ ಕೂತು ಅತ್ತೆ. ಬೆಳಗ್ಗೆ ಅವನನ್ನು ಎತ್ತಿಕೊಂಡಾಗ ದಿಂಬಿನ ಮೇಲೆ ಹಳದಿ ಕಲೆ. ಬಲಗಿವಿಯಿಂದ ಕೀವು ಇಳಿದು ಕೆನ್ನೆ ಮೇಲೆ ಒಣಗಿತ್ತು.

ಡಾಕ್ಟರ್ ಕಿವಿಯೊಳಗೆ ಲೈಟ್ ಬಿಟ್ಟು ನೋಡಿ ಹೇಳಿದರು. ನೆಗಡಿಯಿಂದ ಕಿವಿಯ ಒಳಗೆ ಸೋಂಕು ಆಗಿದೆ. ಕಿವಿಯ ತಮಟೆ, ಅಂದರೆ ಒಳಗಿನ ತೆಳು ಪರದೆಯ ಹಿಂದೆ ಕೀವು ತುಂಬಿ ಬಿಗಿದಿತ್ತು, ನೋವು ಅದರದ್ದೇ. ಮಲಗಿದರೆ ಒತ್ತಡ ಹೆಚ್ಚುತ್ತದೆ, ಅದಕ್ಕೇ ರಾತ್ರಿ ಅಳು. ನಿನ್ನೆ ರಾತ್ರಿ ತಮಟೆ ಹರಿದು ಕೀವು ಹೊರಗೆ ಬಂತು, ಒತ್ತಡ ಇಳಿಯಿತು, ಮಗು ಮಲಗಿತು. ನಾನು ಯಾವುದನ್ನು ದೃಷ್ಟಿ ಇಳಿಯಿತು ಅಂದುಕೊಂಡು ಕೈ ಮುಗಿದೆನೋ, ಅದು ನನ್ನ ಮಗನ ಕಿವಿಯ ತಮಟೆ ಒಡೆದ ಗಳಿಗೆ.

ನನ್ನ ತಪ್ಪು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ. ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ನೀವೀಗ ಅದೇ ಜಾಗದಲ್ಲಿ ನಿಂತಿದ್ದೀರಿ. ದೃಷ್ಟಿ ತೆಗೆದದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಘಾಟನ್ನು ನಾನು ಥರ್ಮಾಮೀಟರ್ ಮಾಡಿಕೊಂಡೆ. ಮಗುವಿಗೆ ಏನಾಗಿದೆ ಅನ್ನುವುದನ್ನು ಮೆಣಸಿನಕಾಯಿಯನ್ನು ಕೇಳಿದೆ.

ಮೆಣಸಿನಕಾಯಿಗೆ ಗೊತ್ತಿರುವುದು ತನ್ನ ಖಾರ ಅಷ್ಟೇ. ನೋಡಿ, ಮೊದಲೆರಡು ದಿನ ನಾನು ಹಾಕಿದ್ದು ಬ್ಯಾಡಗಿ. ಬ್ಯಾಡಗಿ ಮೆಣಸಿನಕಾಯಿ ಹೆಸರು ಮಾಡಿರುವುದು ಬಣ್ಣಕ್ಕೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ, ಬಣ್ಣ ತೆಗೆಯಲು ಕಾರ್ಖಾನೆಗಳಿಗೆ ಹೋಗುತ್ತದೆ. ಕಡುಗೆಂಪು, ಮೈಯೆಲ್ಲ ಸುಕ್ಕು, ಬೀಜ ಕಮ್ಮಿ, ಖಾರವೂ ಕಮ್ಮಿ. ಘಾಟು ಕೊಡುವುದು ಕ್ಯಾಪ್ಸೈಸಿನ್ ಅನ್ನುವ ಅಂಶ. ಬೀಜ ಅಂಟಿಕೊಂಡಿರುತ್ತದಲ್ಲ, ಆ ಬಿಳಿ ತಿರುಳಿನಲ್ಲಿ ಅದು ಜಾಸ್ತಿ. ಬ್ಯಾಡಗಿಯಲ್ಲಿ ಅದು ತೀರಾ ಸ್ವಲ್ಪ, ಗುಂಟೂರಿನದರಲ್ಲಿ ಧಾರಾಳ. ಮೆಣಸಿನಕಾಯಿ ರಾಶಿಯ ಮಧ್ಯೆ ಬೆಳೆದವಳು ನಾನು. ಸಾರಿಗೆ ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಅಂತ ದಿನಾ ಎರಡನ್ನೂ ಬೆರೆಸುವವಳು. ಅಡುಗೆಗೆ ನೆನಪಾಗುವ ವಿಷಯ ಆ ಮೂರು ದಿನ ನನಗೆ ನೆನಪಾಗಲಿಲ್ಲ.

ಜೊತೆಗೆ ಕಿಟಕಿ, ಫ್ಯಾನ್. ಹೊಗೆ ಹೊರಗೆ ಹೋದರೆ ಘಾಟು ಇಲ್ಲ, ಒಳಗೆ ನಿಂತರೆ ಘಾಟು. ಊರಲ್ಲಿ ಅವ್ವ ಹಾಕುವುದು ಬಚ್ಚಲ ಒಲೆಯ ದೊಡ್ಡ ಉರಿಗೆ. ಮೆಣಸಿನಕಾಯಿ ಭಗ್ಗನೆ ಉರಿದುಹೋಗುತ್ತದೆ, ಹೊಗೆ ಮೇಲೆ ಏರಿ ಹೆಂಚಿನ ಸಂದಿಯಲ್ಲಿ ಹೋಗುತ್ತದೆ. ಕಾವಲಿ ಮೇಲೆ ಹಾಗಲ್ಲ. ಅಲ್ಲಿ ಅದು ನಿಧಾನವಾಗಿ ಸೀಯುತ್ತದೆ, ಘಾಟು ಕೋಣೆಯಲ್ಲೇ ಉಳಿಯುತ್ತದೆ. ಉಪ್ಪು ಚಟಪಟ ಸಿಡಿದರೆ ದೃಷ್ಟಿ ಸಿಡಿಯಿತು ಅನ್ನುತ್ತಾರೆ. ಹರಳುಪ್ಪಿನೊಳಗೆ ಚೂರು ನೀರು ಸಿಕ್ಕಿಕೊಂಡಿರುತ್ತದೆ, ಕಾದರೆ ಸಿಡಿಯುತ್ತದೆ. ಪುಡಿ ಉಪ್ಪು ಹಾಗೆ ಸಿಡಿಯುವುದಿಲ್ಲ. ನಮ್ಮ ಮನೆಯಲ್ಲಿದ್ದದ್ದು ಪುಡಿ ಉಪ್ಪು. ಅದು ಸಿಡಿಯಲಿಲ್ಲ ಅಂತಲೂ ನಾನು ಹೆದರಿದ್ದೆ.

ಅಂದರೆ ಮೆಣಸಿನಕಾಯಿ ಜಾತಿ, ಕಿಟಕಿ, ಒಲೆ, ಉಪ್ಪು. ಈ ನಾಲ್ಕರಲ್ಲಿ ಯಾವುದಕ್ಕೂ ನನ್ನ ಮಗನ ಕಿವಿ ಗೊತ್ತಿರಲಿಲ್ಲ.

ಹಾಗಾಗಿ ಮಂಗಳವಾರವೋ ಅಮಾವಾಸ್ಯೆಯೋ, ಗ್ಯಾಸೋ ಇದ್ದಿಲೋ ಅನ್ನುವ ನಿಮ್ಮ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ಘಾಟು ಬಂದರೆ ಏನು, ಬರದಿದ್ದರೆ ಏನು ಅಂತ ಲೆಕ್ಕ ಹಾಕುವುದನ್ನೇ ಬಿಡಿ. ಮಗು ಇರುವ ಮನೆಯಲ್ಲಿ ಮೆಣಸಿನಕಾಯಿ ಸುಡಲೇಬೇಡಿ. ಆ ಹೊಗೆ ದೊಡ್ಡವರ ಗಂಟಲನ್ನೇ ಹಿಂಡುತ್ತದೆ, ಕೂಸಿನ ಉಸಿರಿನ ದಾರಿ ಎಷ್ಟು ಸಣ್ಣದು ಯೋಚಿಸಿ. ಯಾರ ಕಣ್ಣು ಅಂತ ಹುಡುಕುವುದನ್ನೂ ಬಿಡಿ. ನಾನು ಆ ಆಂಟಿಯ ಜೊತೆ ಹದಿನೈದು ದಿನ ಮಾತು ಬಿಟ್ಟಿದ್ದೆ. ಮಗುವಿಗೆ ಹುಷಾರಿಲ್ಲ ಅಂತ ಗೊತ್ತಾದಾಗ ಅವರೇ ಗಂಜಿ ಮಾಡಿಕೊಂಡು ಬಂದರು. ನಾನು ಯಾಕೆ ಮುಖ ತಿರುಗಿಸುತ್ತಿದ್ದೆ ಅಂತ ಅವರಿಗೆ ಇವತ್ತಿಗೂ ಗೊತ್ತಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ಸಂಕಟ ಆಗುತ್ತದೆ.

ನಿಮ್ಮ ಅತ್ತೆ ಕೇಳುವುದಿಲ್ಲ ಅಂತ ಬರೆದಿದ್ದೀರಿ. ಅವರ ಜೊತೆ ಜಗಳ ಬೇಡ. ನಿವಾಳಿಸುವುದು ಮೊಮ್ಮಗನ ಮೇಲಿನ ಪ್ರೀತಿ, ಅದನ್ನು ಮೂಢನಂಬಿಕೆ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಬೇಡಿ. ನಾನೂ ಈಗಲೂ ದೃಷ್ಟಿ ತೆಗೆಯುತ್ತೇನೆ. ಬೆಂಕಿ ಇಲ್ಲದೆ ತೆಗೆಯುತ್ತೇನೆ. ತಟ್ಟೆಯಲ್ಲಿ ನೀರು, ಚಿಟಿಕೆ ಅರಿಸಿನ, ಉಗುರಿನಷ್ಟು ಸುಣ್ಣ. ಸುಣ್ಣ ಬಿದ್ದ ಕೂಡಲೇ ಹಳದಿ ನೀರು ರಕ್ತದಂತೆ ಕೆಂಪಾಗುತ್ತದೆ. ಮದುವೆಯಲ್ಲಿ, ಬಾಣಂತಿ ಮನೆಗೆ ಬಂದಾಗ ಬಾಗಿಲಲ್ಲಿ ಎತ್ತುವ ಆರತಿ ಇದೇ. ಮಗುವಿನ ಮುಂದೆ ಮೂರು ಸಲ ಇಳಿಸಿ, ಹೊರಗೆ ಗಿಡದ ಬುಡಕ್ಕೆ ಚೆಲ್ಲಿ. ಸುಣ್ಣದ ನೀರು ಮಗುವಿನ ಕಣ್ಣಿಗೆ, ಕೈಗೆ ಸಿಗದ ಹಾಗೆ ನೋಡಿಕೊಳ್ಳಿ.

ಮೆಣಸಿನಕಾಯಿ ಇಲ್ಲದಿದ್ದರೆ ಶಾಸ್ತ್ರ ಆಗುವುದಿಲ್ಲ ಅಂದರೆ ಇದನ್ನು ಹೇಳಿ. ಮೆಣಸಿನಕಾಯಿ ನಮ್ಮ ನಾಡಿಗೆ ಬಂದದ್ದು ಪೋರ್ಚುಗೀಸರ ಹಡಗಿನಲ್ಲಿ, 16ನೇ ಶತಮಾನದಲ್ಲಿ. ಅದಕ್ಕೂ ಮುಂಚೆ ಖಾರಕ್ಕೆ ನಮಗಿದ್ದದ್ದು ಕರಿಮೆಣಸು. ಆಗಲೂ ಅಜ್ಜಿಯರು ಮೊಮ್ಮಕ್ಕಳಿಗೆ ದೃಷ್ಟಿ ತೆಗೆಯದೆ ಬಿಟ್ಟಿರುತ್ತಾರಾ? ನಾನು ಅವ್ವನಿಗೆ ಹೀಗೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಆರತಿನೇ ಮಾಡು" ಅಂದಳು.

ಆದರೆ ಇದೆಲ್ಲ ಡಾಕ್ಟರ್ ನೋಡಿದ ಮೇಲೆ. ಮಗುವಿನ ಕಿವಿಗೆ ಬೆಳ್ಳುಳ್ಳಿ ಎಣ್ಣೆ ಬಿಡಲು ಯಾರಾದರೂ ಹೇಳಿದರೆ ಬಿಡಬೇಡಿ, ತಮಟೆ ಹರಿದಿದ್ದರೆ ಅದು ನೇರ ಒಳಗೆ ಹೋಗುತ್ತದೆ. ಈ ಉತ್ತರ ಓದುತ್ತಿರುವ ಬೇರೆ ತಾಯಂದಿರ ಮಗು ಮೂರು ತಿಂಗಳಿಗಿಂತ ಚಿಕ್ಕದಾಗಿದ್ದು ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಅಂತಲೂ ಕಾಯಬೇಡಿ.

ನನ್ನ ಮಗನಿಗೆ ಆಂಟಿಬಯೋಟಿಕ್ ಕೊಟ್ಟರು. ಕಿವಿಗೆ ನೀರು ಹೋಗದಂತೆ ನೋಡಿಕೊಂಡೆವು. ಆರು ವಾರದ ಮೇಲೆ ತೋರಿಸಿದಾಗ ತಮಟೆ ಕೂಡಿಕೊಂಡಿತ್ತು. ಈಗ ಅವನು ಎರಡನೇ ಕ್ಲಾಸು, ಕಿವಿ ಚೆನ್ನಾಗಿ ಕೇಳಿಸುತ್ತದೆ.

ಇವತ್ತು ಸಂಜೆಯೊಳಗೆ ಹೋಗಿ ಬನ್ನಿ. ಕಿವಿ ಒಳಗೂ ನೋಡಿ ಅಂತ ನೀವೇ ಬಾಯಿಬಿಟ್ಟು ಕೇಳಿ. ಏನಂದರು ಅಂತ ಇಲ್ಲಿ ಬರೆಯಿರಿ, ನಾನು ನೋಡುತ್ತಿರುತ್ತೇನೆ.